ಮಾರ್ಚ್ 31ಕ್ಕೆ ಸಾಯದ ಫಂಡ್ ಕೊಡಿ: ರಕ್ಷಣಾ ಸಚಿವರಿಗೆ ಪೀಣ್ಯದಿಂದ ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ ನಮಸ್ಕಾರ.

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಮಷೀನ್ ಶಾಪ್ ಇದೆ. ಕಂಪ್ಯೂಟರ್ ನಡೆಸುವ ಮೂರು ಸಿಎನ್‌ಸಿ ಮಷೀನು, ಒಂಬತ್ತು ಹುಡುಗರು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ.

ಹಡಗಿನತ್ತ ಬರುವ ಕ್ಷಿಪಣಿ, ಡ್ರೋನ್ ತಡೆಯುವ ಅಸ್ತ್ರದ ಮಾದರಿಗೆ ಒಂದು ಅಲ್ಯುಮಿನಿಯಂ ಹೌಸಿಂಗ್, ಅಂದರೆ ಹೊರಕವಚ, ಮಾಡಿಕೊಟ್ಟೆವು. ಮೊದಲ ಎರಡು ಪೀಸ್ ರಿಜೆಕ್ಟ್. ಬೋರ್, ಅಂದರೆ ಒಳಗಿನ ರಂಧ್ರ, 20 ಮೈಕ್ರಾನ್ ಜಾಸ್ತಿ, ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು. ಒಪ್ಪಿಕೊಂಡೆ. ಮಧ್ಯಾಹ್ನ ಶಾಪಿನ ಚಾವಣಿ ಶೀಟ್ ಕಾದರೆ ಲೋಹ ಹಿಗ್ಗಿ ಅಳತೆ ಓಡುತ್ತದೆ. ಹಾಗಾಗಿ ಮೂರನೆಯದಕ್ಕೆ ನಮ್ಮ ಹುಡುಗ ರಾತ್ರಿ ಎರಡು ಗಂಟೆಗೆ ಕೂತು ಕೊನೆಯ ಫಿನಿಷ್ ಕಟ್ ಹೊಡೆದ. ಪಾಸಾಯಿತು. ಬಿಲ್ ಕೊಟ್ಟು 14 ತಿಂಗಳಾಯಿತು, ದುಡ್ಡಿಲ್ಲ. ಹಣಕಾಸು ವರ್ಷ ಮುಗಿದು ಖರ್ಚಾಗದ ಸರ್ಕಾರಿ ದುಡ್ಡು ಕೈತಪ್ಪುವ ಮಾರ್ಚ್ 31ರಂದು ಬೆಳಗ್ಗೆಯಿಂದ ಆರ್ಡರ್ ಕೊಟ್ಟವರ ಕಚೇರಿಯಲ್ಲಿ ಕೂತಿದ್ದೆ. ಸಂಜೆ ಆರಕ್ಕೆ ಒಬ್ಬರು ಬಂದು "ಫಂಡ್ ಲ್ಯಾಪ್ಸ್ ಆಯ್ತು, ಪ್ರಾಜೆಕ್ಟ್ ಇರುತ್ತೋ ಇಲ್ವೋ" ಅಂದರು. ಹೆಂಡತಿಯ ಬಳೆ ಅಡವಿಟ್ಟು ಸಂಬಳ ಕೊಟ್ಟೆ. ಆ ಹುಡುಗ ಕೆಲಸ ಬಿಟ್ಟ. ಈಗ ಬೈಕಿನಲ್ಲಿ ಊಟ ತಲುಪಿಸುತ್ತಾನೆ. ಅವನ ಕೈ ಮತ್ತೆ ಎಲ್ಲಿಂದ ತರಲಿ ಸ್ವಾಮಿ?

ಸಣ್ಣ ಕೈಗಾರಿಕೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಬಾಕಿಯನ್ನು 45 ದಿನದೊಳಗೆ ಕೊಡಿ ಅನ್ನುತ್ತದೆ. ನಿಮಗೆ ಗೊತ್ತಿರದ್ದೇನಲ್ಲ.

ಬರೀ ನನ್ನ ಬಾಕಿಯಾಗಿದ್ದರೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ನಮ್ಮ ಮಂಗಳೂರಿಗೆ ಕಚ್ಚಾ ತೈಲ ತರುತ್ತಿದ್ದ ಕೆಮ್ ಪ್ಲೂಟೊ ಹಡಗಿಗೆ ಗುಜರಾತ್ ಕರಾವಳಿಯಾಚೆ ಡ್ರೋನ್ ಬಡಿಯಿತು. ಇಂಥವು ಹಿಂಡಾಗಿ ನಮ್ಮ ಯುದ್ಧನೌಕೆ ಮೇಲೆ ಬಂದರೆ? ಅವನ್ನು ಹೊಡೆದುರುಳಿಸಲು ಬರಾಕ್-8 ಕ್ಷಿಪಣಿ ಇದೆ, ನಿಜ. ಆದರೆ ಅಗ್ಗದ ಡ್ರೋನಿಗೆಲ್ಲ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಎಷ್ಟು ಅಂತ ಹಾರಿಸೋದು? ಹಡಗಿನಲ್ಲಿರುವುದೇ ಲೆಕ್ಕದಷ್ಟು.

ಅದಕ್ಕೇ ಕ್ಷಿಪಣಿ ಖರ್ಚಾಗದೆ ವಿದ್ಯುತ್ತಿನಿಂದಲೇ ಹೊಡೆಯುವ ಲೇಸರ್ ಬೇಕು. 2025ರ ಏಪ್ರಿಲ್‌ನಲ್ಲಿ ಕರ್ನೂಲಿನಲ್ಲಿ ನಿಮ್ಮ ಇಲಾಖೆಯ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ 30 ಕಿಲೋವಾಟ್ ಲೇಸರ್ ಡ್ರೋನ್ ಉರುಳಿಸಿತು. ಓದಿ ಕಣ್ಣು ತುಂಬಿ ಬಂತು. ಆದರೆ ಅದು ಗಟ್ಟಿ ನೆಲದ ಮೇಲೆ. ತೂಗಾಡುವ ಡೆಕ್ಕಿಗೆ, ಉಪ್ಪು ಗಾಳಿಗೆ ಅದು ಒಗ್ಗಬೇಕಾದರೆ ಮಾಡಿ, ಕೆಡಿಸಿ, ಮತ್ತೆ ಮಾಡಬೇಕು. ವರ್ಷಗಟ್ಟಲೆ. ನಡುವೆ ದುಡ್ಡು ನಿಂತರೆ ಕೈಗಳೂ ಚದುರಿ ಹೋಗುತ್ತವೆ. ಹಡಗನ್ನೂ ಕಾಯಬೇಕಿದ್ದ ನಮ್ಮದೇ ತ್ರಿಶೂಲ್ ಕ್ಷಿಪಣಿಯ ಯೋಜನೆ 1983ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು. ಅಷ್ಟರಲ್ಲಿ ನೌಕಾಪಡೆ ಇಸ್ರೇಲಿನಿಂದ ಬರಾಕ್-1 ಕ್ಷಿಪಣಿ ತರಿಸಿಯಾಗಿತ್ತು. ಮತ್ತೆ ಹಾಗಾಗೋದು ಬೇಡ.

ಹಡಗು ಕಾಯುವ ಅಸ್ತ್ರಗಳಿಗೆ ಮಾರ್ಚ್ 31ಕ್ಕೆ ಸಾಯದ ಫಂಡ್ ಇಡಿ. ಬಿಲ್ 45 ದಿನದಲ್ಲಿ ಕೊಡಿಸಿ. ಮತ್ತೂ ಹೇಳುತ್ತೇನೆ, ಫಂಡ್ ಮಾರ್ಚ್ 31ಕ್ಕೆ ಸಾಯಬಾರದು. ನಾಲ್ಕನೇ ಪೀಸ್‌ಗೆ ಬೇಕಾದ ಅಲ್ಯುಮಿನಿಯಂ ಬ್ಲಾಕ್ ನನ್ನ ಶಾಪಿನ ಮೂಲೆಯಲ್ಲಿ ಹಾಗೇ ಕೂತಿದೆ.

ಇಂತಿ,
ಪೀಣ್ಯದ ಒಬ್ಬ ಸಣ್ಣ ಕೈಗಾರಿಕೆಯವ