ಮಳೆಗಾಲದ ಕಡಲನ್ನು ತೋರಿಸಿಕೊಟ್ಟವರಿಗೆ

ಕಳೆದ ತಿಂಗಳು ಭೂಗೋಳ ವಿಭಾಗದಿಂದ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಹಾರ, ಶಾಲು, ಒಳ್ಳೆಯ ಮಾತು ಎಲ್ಲವೂ ಸಿಕ್ಕಿತು. ಆದರೆ ಆ ಸಭೆಯಲ್ಲಿ ಇಲ್ಲದ ಬಹಳ ಜನರಿಗೆ ನಾನು ಋಣಿ. ಈ ಬರಹ ಮುಖ್ಯವಾಗಿ ಅವರಿಗೆ.

ಕಡಲ ದಡ ಹಿಂದೆ ಎಲ್ಲಿತ್ತು, ಈಗ ಎಲ್ಲಿದೆ, ಎಷ್ಟು ಸರಿದಿದೆ ಎಂದು ಅಳೆಯುವುದೇ ನನ್ನ ಕೆಲಸವಾಗಿತ್ತು. ನೆಲದ ಚಿತ್ರ ತೆಗೆಯುವ ಭಾರತದ ಐಆರ್‌ಎಸ್ ಸಾಲಿನ ಮೊದಲ ಉಪಗ್ರಹ 1988ರ ಮಾರ್ಚ್‌ನಲ್ಲಿ ಹಾರಿತು. ಅದರ ಒಳ್ಳೆಯ ಕ್ಯಾಮೆರಾದಲ್ಲೂ ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಸುಮಾರು 36 ಮೀಟರ್. ನಮ್ಮ ಎಷ್ಟೋ ಬೀಚುಗಳು ಅಷ್ಟು ಅಗಲವೇ ಇಲ್ಲ! ಆ ಚಿತ್ರಗಳ ಪ್ರಿಂಟುಗಳಲ್ಲಿ ಬಣ್ಣ ನಿಜದ್ದಲ್ಲ, ತೆಂಗಿನ ತೋಟ ಕೆಂಪಾಗಿ, ಮರಳು ಬೆಳ್ಳಗೆ ಕಾಣುತ್ತಿತ್ತು. ಅವೆರಡರ ನಡುವೆ ಗೆರೆ ಎಳೆಯುವುದನ್ನು ಕಲಿಸಿದ ನನ್ನ ಗುರುಗಳಿಗೆ ಮೊದಲ ನಮಸ್ಕಾರ. ಕರಾವಳಿಯ ಟೋಪೊಶೀಟುಗಳು, ಅಂದರೆ ಬಾವಿ, ದಾರಿ ಸಮೇತ ತೋರಿಸುವ ಸರ್ಕಾರಿ ನಕ್ಷೆಗಳು, ಆಗ ನಿರ್ಬಂಧಿತ. ಅರ್ಜಿ, ಸಹಿ, ಬೀಗ ಹಾಕಿದ ಕಪಾಟು. ಗೆದ್ದಲು ತಿನ್ನದಂತೆ ಅವನ್ನು ಅಷ್ಟು ವರ್ಷ ಕಾಪಾಡಿದ ನಮ್ಮ ವಿಭಾಗದ ಅಟೆಂಡರ್ ಅಣ್ಣನಿಗೂ ನಮಸ್ಕಾರ. 2008ರಲ್ಲಿ ಅಮೆರಿಕದವರು ತಮ್ಮ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ನಮ್ಮಂಥ ಸಣ್ಣ ವಿಭಾಗಕ್ಕೆ ಅದರಿಂದ ಆದ ಉಪಕಾರ ಹೇಳಿ ಮುಗಿಯದು.

ಆದರೆ ಉಪಗ್ರಹಕ್ಕೆ ಒಂದು ಕೊರತೆ ಇದೆ. ಕಡಲು ದಡವನ್ನು ತಿನ್ನುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸರಿಯಾಗಿ ಅದೇ ಹೊತ್ತಿಗೆ ಕರಾವಳಿಯ ಮೇಲೆ ಮೋಡ. ದೊಡ್ಡ ತೆರೆಗಳು ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರ ನೀರಿನೊಳಗೆ ದಿಬ್ಬ ಮಾಡುತ್ತವೆ. ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದರಲ್ಲಿ ಬಹುಪಾಲನ್ನು ವಾಪಸ್ ತರುತ್ತವೆ. ಫೆಬ್ರವರಿಯ ಚಿತ್ರ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ರೇಡಾರ್ ಉಪಗ್ರಹಕ್ಕೆ ಮೋಡ ಅಡ್ಡಿಯಲ್ಲ ನಿಜ. ಆದರೆ ತೆರೆ ಎದ್ದ ನೀರಿನಲ್ಲಿ ದಡದ ಗೆರೆ ಹಿಡಿಯುವುದು ಅದಕ್ಕೂ ಕಷ್ಟ.

ಆ ನಾಲ್ಕು ತಿಂಗಳನ್ನು ನನಗೆ ಹೇಳಿಕೊಟ್ಟವರು ದಡದ ಮೇಲೆ ಬದುಕುವ ಜನ. ಯಾವ ಮಳೆಗಾಲದಲ್ಲಿ ಎಷ್ಟು ತೆಂಗಿನ ಮರ ಹೋಯಿತು, ದೋಣಿಯನ್ನು ಎಷ್ಟು ಮೇಲಕ್ಕೆ ಎಳೆಯಬೇಕಾಯಿತು, ನದಿ ಕಡಲು ಸೇರುವ ಅಳಿವೆ ಬಾಗಿಲು ಯಾವ ಕಡೆಗೆ ಸರಿಯಿತು, ಎಲ್ಲ ಅವರಿಗೆ ಬಾಯಿಪಾಠ. ಮಂಗಳೂರಿನ ಪಕ್ಕದ ಉಳ್ಳಾಲದ ಒಬ್ಬ ಅಜ್ಜಿ ಕಡಲಿನ ಕಡೆ ಕೈ ತೋರಿಸಿ, "ಮಾಷ್ಟ್ರೇ, ನಮ್ಮ ಬಾವಿ ಇದ್ದದ್ದು ಅಲ್ಲಿ, ಆ ತೆರೆ ಒಡೆಯುತ್ತದಲ್ಲ, ಅಲ್ಲಿ" ಅಂದರು. ಹಳೆಯ ಟೋಪೊಶೀಟ್ ಬಿಡಿಸಿ ನೋಡಿದೆ. ಬಾವಿಯ ಗುರುತು ಅಲ್ಲೇ ಇತ್ತು. ಅಂದಿನಿಂದ ನನ್ನ ನಕ್ಷೆಗಳಲ್ಲಿ ಊರವರು ಹೇಳಿದ ಗುರುತುಗಳಿಗೆ ಒಂದು ಬೇರೆಯೇ ಬಣ್ಣ.

ನೇತ್ರಾವತಿ, ಗುರುಪುರ ನದಿಗಳೆರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ತೊಂಬತ್ತರ ದಶಕದಲ್ಲಿ ದೋಣಿಗಳಿಗಾಗಿ ಅಲ್ಲಿ ಎರಡು ಕಲ್ಲಿನ ಬ್ರೇಕ್‌ವಾಟರ್, ಅಂದರೆ ತೆರೆ ತಡೆಯುವ ಗೋಡೆ, ಬಂತು. ಆಮೇಲೆ ಅಳಿವೆಯ ಉತ್ತರದ ಬೆಂಗ್ರೆ ಕಡೆ ಮರಳು ತುಂಬಿತು, ದಕ್ಷಿಣದ ಉಳ್ಳಾಲದ ಕಡೆ ಕೊರೆತ ಜಾಸ್ತಿಯಾಯಿತು. ನಾವು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಇದನ್ನು ಅಳೆದೆವು. ಎರಡೂ ಕಡೆಯ ಮೀನುಗಾರರು ಅದನ್ನು ನಮಗಿಂತ ಮೊದಲೇ ಕಂಡಿದ್ದರು. ಒಂದು ಕಡೆ ಕಲ್ಲು ಹಾಕಿದರೆ ಅದರ ತುದಿಯಾಚೆ ಕೊರೆತ ಶುರುವಾಗುತ್ತದೆ. ಹಾಗಾಗಿ ಕಲ್ಲು ತುಂಬಿದ ಲಾರಿ ಬರುವ ಮೊದಲು ಪಕ್ಕದ ಊರಿನವರನ್ನೂ ಕೇಳಬೇಕು. ಇದನ್ನು ನಾನು ಎಲ್ಲ ಸಭೆಗಳಲ್ಲೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ನನ್ನ ವಿದ್ಯಾರ್ಥಿಗಳೇ, ಇಳಿತದ ಹೊತ್ತು ಬೆಳಗಿನ ಜಾವ ಇದ್ದರೂ ಟೇಪು, ಅಳತೆಕೋಲು ಹಿಡಿದು ಬಂದು ಮರಳಿನ ಏರಿಳಿತ ಅಳೆದವರು ನೀವು. ಇವತ್ತು ನೀವು ಡ್ರೋನ್ ಹಾರಿಸುತ್ತೀರಿ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಅರ್ಧ ದಿನದಲ್ಲಿ ನಕ್ಷೆ ಮಾಡುತ್ತೀರಿ. ನೋಡಿ ತುಂಬಾ ಹೆಮ್ಮೆಯಾಗುತ್ತದೆ. ಮಗಳನ್ನು ಧೈರ್ಯವಾಗಿ ಫೀಲ್ಡಿಗೆ ಕಳಿಸಿದ ಅಪ್ಪ ಅಮ್ಮಂದಿರಿಗೂ ವಂದನೆ. ಇನ್ನು ನನ್ನ ಹೆಂಡತಿಗೆ ಇಲ್ಲಿ ಬರೆದರೆ ಸಾಲದು, ಮನೆಯಲ್ಲೇ ಹೇಳಿದ್ದೇನೆ.

ನಮ್ಮ ದಡದ ನಕ್ಷೆಗಳನ್ನು ಈಗ ಕನ್ನಡದಲ್ಲಿ, ಸರ್ವೆ ನಂಬರ್ ಸಮೇತ ಮಾಡುತ್ತಿದ್ದೇನೆ. ಒಂದೊಂದು ಪ್ರತಿ ಕಡಲ ಬದಿಯ ಪಂಚಾಯಿತಿಗಳಿಗೆ ಕೊಡುತ್ತೇನೆ. ಬಂದು ನೋಡಿ. ನಿಮ್ಮ ಮನೆ ಎದುರಿನ ಗೆರೆ ಸರಿಯಿಲ್ಲ ಅನಿಸಿದರೆ ಹೇಳಿ, ತಿದ್ದೋಣ.