ಸೈಕಲ್ಲಿಗೂ ಲಾಳ ಕಟ್ಟುವ ಊರು

ಫೆಬ್ರುವರಿಯಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯುವ ಸೈಕಲ್ ಪಂದ್ಯಕ್ಕೆ ಅಮೆರಿಕದ ಮಿನೆಸೋಟದ ನಮ್ಮ ಕನ್ನಡ ಕೂಟದಿಂದಲೂ ಐದಾರು ಮಂದಿ ಹೆಸರು ಕೊಟ್ಟಿದ್ದಾರೆ ಎಂದು ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ ನಾಲ್ಕು ಸಾಲು ಹಾಕಿದ್ದೆ. ಆ ನಾಲ್ಕು ಸಾಲಿಗೆ ಬಂದಷ್ಟು ಫೋನುಗಳು ದೀಪಾವಳಿ ಊಟದ ಟಿಕೆಟ್ಟಿಗೂ ಬಂದಿರಲಿಲ್ಲ. ಹಿರಿಯರು ಕೇಳಿದ್ದು ಮಂಜುಗಡ್ಡೆ ಒಡೆಯುವುದಿಲ್ಲವೇ ಎಂದು. ಕಿರಿಯರು ಕೇಳಿದ್ದು ಬೇಸಿಗೆಯಲ್ಲಿ ಕಾಡಿನ ದಾರಿಯಲ್ಲಿ ಓಡಿಸುವ ಮೌಂಟನ್ ಬೈಕನ್ನೇ ತರಬಹುದೇ ಎಂದು. ಎರಡನೆಯ ಪ್ರಶ್ನೆಯ ಉತ್ತರ ಉದ್ದವಾದುದರಿಂದ ಸಂಕ್ರಾಂತಿ ಸಂಚಿಕೆಯ ಈ ಪುಟವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಮೊದಲನೆಯದನ್ನು ಮೊದಲು ಮುಗಿಸುತ್ತೇನೆ.

ಮಿನೆಸೋಟದಲ್ಲಿ ಹತ್ತು ಎಕರೆಗಿಂತ ದೊಡ್ಡದಾದ ಸರೋವರಗಳೇ 11,842 ಇವೆ. (ಇವನ್ನು ಕೆರೆ ಎನ್ನಲು ನನಗೆ ಇನ್ನೂ ನಾಲಿಗೆ ಬಾರದು, ಏರಿಯಿಲ್ಲದ, ತೂಬಿಲ್ಲದ ನೀರು ಎಂಥ ಕೆರೆ?) ಇವುಗಳ ಮೇಲೆ ನಡೆದು ಹೋಗಲು ಕನಿಷ್ಠ 4 ಅಂಗುಲ ದಪ್ಪದ, ಹೊಸದಾದ, ತಿಳಿಯಾದ ಮಂಜುಗಡ್ಡೆ ಬೇಕು ಎಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ, ಸಣ್ಣ ಕಾರಿಗೆ 9ರಿಂದ 10 ಅಂಗುಲ. ಹಿಮ ಬೆರೆತು ಬೆಳ್ಳಗಾದ ಮಂಜುಗಡ್ಡೆಗೆ ಬಲ ಕಡಿಮೆಯಾದ್ದರಿಂದ ಅದಕ್ಕೆ ಇದರ ಎರಡರಷ್ಟು ದಪ್ಪ ಲೆಕ್ಕ ಹಾಕಬೇಕು. ಸಂಪೂರ್ಣ ಸುರಕ್ಷಿತವಾದ ಮಂಜುಗಡ್ಡೆ ಎಂಬುದು ಇಲ್ಲವೇ ಇಲ್ಲ ಎಂಬ ಮಾತನ್ನೂ ಅದೇ ಇಲಾಖೆ ಸೇರಿಸುತ್ತದೆ. ಪಂದ್ಯದ ದಿನ ಸಂಘಟಕರು ಅಲ್ಲಲ್ಲಿ ತೂತು ಕೊರೆದು ಅಳೆದಿರುತ್ತಾರೆ. ಅಭ್ಯಾಸಕ್ಕೆ ಒಬ್ಬರೇ ಹೋಗುವವರು ತಾವೇ ಅಳೆಯಬೇಕು, ಹೊಳೆ ಸೇರುವ ಬಾಯಿಗಳಿಂದ ದೂರವಿರಬೇಕು, ನೀರಿಗೆ ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೇರಲು ಕೊರಳಿಗೆ ಐಸ್ ಪಿಕ್ ಜೋಡಿಯನ್ನು ತೂಗುಹಾಕಿಕೊಂಡಿರಬೇಕು. 2023-24ರ ಚಳಿಗಾಲ ಇಲ್ಲಿ ಚಳಿಗಾಲವೆನ್ನಿಸಿಕೊಳ್ಳದಷ್ಟು ಬೆಚ್ಚಗಿತ್ತೆಂಬುದನ್ನು ಮರೆಯದಿರೋಣ. ಆ ವರ್ಷ ನನ್ನ ಟಯರುಗಳು ಗೋಡೆಯ ಮೊಳೆಯಿಂದ ಕೆಳಗಿಳಿಯಲೇ ಇಲ್ಲ.

ಇನ್ನು ಸೈಕಲ್ಲು. ಊರಿನಲ್ಲಿ ದನದ ಜಾತ್ರೆಗೆ ಹೋದವರಿಗೆ ಎತ್ತನ್ನು ಕೆಡವಿ, ಕಾಲು ಕಟ್ಟಿ, ಗೊರಸಿಗೆ ಲಾಳ ಹೊಡೆಯುವವರು ನೆನಪಿರಬಹುದು. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ 1907ರಿಂದ ಹೆಪ್ಪುಗಟ್ಟಿದ ಸರೋವರದ ಮೇಲೆ ಕುದುರೆ ಓಡಿಸುವವರು ಜಾರದಂತೆ ಬೇರೆಯೇ ಲಾಳ ಕಟ್ಟಿಸುತ್ತಾರೆ. ಸೈಕಲ್ಲಿಗೆ ನಾವು ಮಾಡಬೇಕಾದುದೂ ಅದೇ ಕೆಲಸ: ಟಯರಿಗೆ ಮೊಳೆ ಕೂರಿಸುವುದು. ಮೌಂಟನ್ ಬೈಕಿನ ಟಯರಿನಲ್ಲಿರುವ ದಪ್ಪ ರಬ್ಬರ್ ಗುಬುಟುಗಳು ಮಣ್ಣನ್ನು ಕಚ್ಚಲು ಹೇಳಿಮಾಡಿಸಿದವು. ಗಾಳಿ ಗುಡಿಸಿ ಗಾಜಿನಂತಾದ ಮಂಜುಗಡ್ಡೆಯಲ್ಲಿ ಅವು ಕಚ್ಚಲು ಏನೂ ಸಿಗುವುದಿಲ್ಲ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡಬೇಕು. ನಾಲ್ಕು ಅಂಗುಲ ಅಗಲದ ಟಯರಿನ ಫ್ಯಾಟ್ ಬೈಕ್ ಇದ್ದರೆ ಸಾಕೆಂದು ಹಲವರು ನಂಬಿದ್ದಾರೆ. ನಮ್ಮ ನೆರೆಯ ಬ್ಲೂಮಿಂಗ್ಟನ್ನಿನ ಸರ್ಲಿ ಕಂಪನಿ 2005ರಲ್ಲಿ ಪಗ್ಸ್‌ಲಿ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಈ ಸೈಕಲ್ಲುಗಳು ಇಲ್ಲಿ ಮನೆಮಾತಾದವು ನಿಜ. ಆದರೆ ಅಗಲ ಟಯರಿನ ಉಪಯೋಗ ಹಿಮದಲ್ಲಿ ಹೂತುಹೋಗದಿರುವುದು. ಬರಿಯ ಮಂಜುಗಡ್ಡೆಯ ಮೇಲೆ ಮೊಳೆಯಿಲ್ಲದ ಅಗಲ ಟಯರು ಅಗಲವಾಗಿ ಜಾರುತ್ತದೆ, ಅಷ್ಟೆ.

ಮೊಳೆಯ ಟಯರುಗಳಲ್ಲಿ ಕೊಳ್ಳುವಂಥವು, ಮಾಡಿಕೊಳ್ಳುವಂಥವು ಎಂದು ಎರಡು ಬಗೆ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಟಯರುಗಳ ಮೊಳೆಯ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಇರುತ್ತದೆ. ಅದು ಡಾಂಬರಿನ ಮೇಲೂ ಸುಲಭವಾಗಿ ಸವೆಯದು. ಹೊಸದರಲ್ಲಿ ಸುಮಾರು 40 ಕಿಲೋಮೀಟರು ಡಾಂಬರಿನ ಮೇಲೆ ಜೋರಾಗಿ ಬ್ರೇಕು ಹಿಡಿಯದೆ ಓಡಿಸಿದರೆ ಮೊಳೆಗಳು ತಮ್ಮ ಗೂಡಿನಲ್ಲಿ ಭದ್ರವಾಗಿ ಕೂರುತ್ತವೆ. ದಿನನಿತ್ಯ ಕಚೇರಿಗೆ ಸೈಕಲ್ಲಿನಲ್ಲಿ ಹೋಗುವವರು ಕಣ್ಣು ಮುಚ್ಚಿಕೊಂಡು ಇವನ್ನೇ ಕೊಳ್ಳಲಿ. (ಕಾರಿಗೆ ಲೋಹದ ಮೊಳೆಯ ಟಯರು ಹಾಕಿಕೊಳ್ಳಲು ಬಿಡದ ಈ ರಾಜ್ಯದ ಸಾರಿಗೆ ಕಾನೂನು, ಸೈಕಲ್ಲಿಗೆ ಹಾಕಿಕೊಳ್ಳಬಹುದೆಂದು ಬಾಯಿಬಿಟ್ಟು ಬರೆದಿದೆ. ಇದನ್ನು ಓದಿದ ದಿನ ಈ ರಾಜ್ಯದ ಮೇಲೆ ನನಗಿದ್ದ ಗೌರವ ಒಂದು ಗುಂಜಿ ಹೆಚ್ಚಾಯಿತು.) ಪಂದ್ಯಕ್ಕಾದರೋ ಆ ಮೊಳೆಗಳು ಗಿಡ್ಡವಾದವು. ಕೊರೆಯುವ ಚಳಿಯಲ್ಲಿ ಮಂಜುಗಡ್ಡೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಒಂದೂವರೆ ಮಿಲಿಮೀಟರು ಹೊರಚಾಚಿದ ಮೊಂಡು ತುದಿ ತಿರುವಿನಲ್ಲಿ ಗೀರಿ ಜಾರುತ್ತದೆಯೇ ಹೊರತು ಊರಿ ನಿಲ್ಲುವುದಿಲ್ಲ. ಆದ್ದರಿಂದ ಪಂದ್ಯದ ಟಯರನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂಬುದು ನನ್ನ ಮತ. ಖರ್ಚು ಕಡಿಮೆ ಎಂಬ ಕಾರಣಕ್ಕಲ್ಲ. ಯಾವ ಗುಬುಟಿಗೆ ಮೊಳೆ, ಯಾವುದಕ್ಕೆ ಬೇಡ ಎಂಬ ತೀರ್ಮಾನ ನಮ್ಮ ಕೈಯಲ್ಲಿ ಉಳಿಯುತ್ತದೆ ಎಂಬ ಕಾರಣಕ್ಕೆ.

ಮಾಡುವ ವಿಧಾನ ಹೀಗೆ. ದೊಡ್ಡ ದೊಡ್ಡ ಗುಬುಟುಗಳು ದೂರ ದೂರ ಇರುವ, ಅರ್ಧ ಸವೆದಿದ್ದರೂ ಅಡ್ಡಿಯಿಲ್ಲದ ಒಂದು ಹಳೆಯ ಟಯರನ್ನು ಆರಿಸಿಕೊಳ್ಳಿ. ಗುಬುಟಿನ ನಡುವಿಗೆ ಸರಿಯಾಗಿ ಹೊರಗಿನಿಂದ ಸಣ್ಣ ತೂತು ಕೊರೆದು, ಹಾರ್ಡ್‌ವೇರ್ ಅಂಗಡಿಯಲ್ಲಿ ತಗಡಿಗೆ ಹಾಕುವ ಸ್ಕ್ರೂ ಎಂದು ಸಿಗುವ 8ನೇ ನಂಬರಿನ, ಅರ್ಧ ಅಂಗುಲ ಉದ್ದದ, ಚಪ್ಪಟೆ ತಲೆಯ ಸ್ಕ್ರೂವನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿ. ತಲೆ ಟಯರಿನ ಒಳಗೆ ಕೂರಬೇಕು, ಮೊನೆ ಮೂರರಿಂದ ಐದು ಮಿಲಿಮೀಟರು ಹೊರಗೆ ಬರಬೇಕು. ಎಲ್ಲವೂ ಮುಗಿದ ಮೇಲೆ ತಲೆಗಳ ಮೇಲೆ ಎರಡು ಸುತ್ತು ಡಕ್ಟ್ ಟೇಪು, ಅದರ ಮೇಲೆ ಉದ್ದಕ್ಕೆ ಸೀಳಿದ ಹಳೆಯ ಟ್ಯೂಬಿನ ಪಟ್ಟಿ. ಇಲ್ಲವಾದರೆ ತಲೆಗಳು ಉಜ್ಜಿ ಉಜ್ಜಿ ಹೊಸ ಟ್ಯೂಬನ್ನು ಎರಡನೆಯ ಸುತ್ತಿನಲ್ಲೇ ಪಂಚರ್ ಮಾಡುತ್ತವೆ. ನನ್ನ ಮುಂದಿನ ಟಯರಿಗೆ 240 ಸ್ಕ್ರೂಗಳಾದವು, ಎರಡು ಸಂಜೆ ಹಿಡಿಯಿತು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ತೂಕ ಮುನ್ನೂರು ಗ್ರಾಂಗೂ ಮೀರಿ ಹೆಚ್ಚಿತ್ತು. ತಕ್ಕಡಿಯ ವಿಷಯದಲ್ಲಿ ಮನೆಯಾಕೆಯ ಅನುಮತಿ ಮೊದಲೇ ಪಡೆಯುವುದು ಲೇಸು.

ಹೆಚ್ಚು ಶ್ರದ್ಧೆ ಸಲ್ಲಬೇಕಾದುದು ಮುಂದಿನ ಚಕ್ರಕ್ಕೆ. ಹಿಂದಿನ ಚಕ್ರ ಜಾರಿದರೆ ಸೈಕಲ್ಲು ಬಾಲ ಅಲ್ಲಾಡಿಸುತ್ತದೆ, ನೀವು ಸಾವರಿಸಿಕೊಳ್ಳುತ್ತೀರಿ. ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಆದುದರಿಂದ ಮುಂದಿನದರಲ್ಲಿ ಅಂಚಿನ ಗುಬುಟುಗಳಿಗೆ ಒಂದನ್ನೂ ಬಿಡದೆ ಮೊಳೆ ಬೇಕು, ತಿರುವಿನಲ್ಲಿ ನೆಲ ಹಿಡಿಯುವುದು ಅವೇ. ಹಿಂದಿನದರಲ್ಲಿ ನಡುವಿನ ಎರಡು ಸಾಲು ಮುಖ್ಯ, ಪೆಡಲಿನ ಬಲವನ್ನು ಮಂಜುಗಡ್ಡೆಗೆ ದಾಟಿಸುವುದು ಅವು. ಹ್ಯಾಂಡಲನ್ನು ಸ್ವಲ್ಪ ತಗ್ಗಿಸಿ, ಸೀಟನ್ನು ಒಂದು ಬೆರಳಷ್ಟು ಮುಂದಕ್ಕೆ ಸರಿಸಿ ಮೈಭಾರವನ್ನು ಮುಂದಿನ ಚಕ್ರದ ಮೇಲೆ ಹಾಕುವುದೂ ಇದೇ ಕಾರಣಕ್ಕೆ. ಸೀಟಿನ ಎತ್ತರದ ಬಗ್ಗೆ ಕೇಳಿದವರಿಗೆ: ದಪ್ಪ ಅಟ್ಟೆಯ ಬೂಟಿಗೆ ಅದನ್ನು ಏರಿಸಬೇಕು, ಅವಸರದಲ್ಲಿ ಕಾಲೂರಲು ಇಳಿಸಬೇಕು, ಒಂದಕ್ಕೊಂದು ವಜಾ.

ಟಯರನ್ನು ರಿಮ್ಮಿಗೆ ಏರಿಸುವುದು ಈ ಇಡೀ ಕೆಲಸದಲ್ಲಿ ಅತಿ ಕ್ರೂರವಾದ ಭಾಗ. ತೋಟದ ಕೆಲಸದ ಚರ್ಮದ ಕೈಗವಸಿಲ್ಲದೆ ಕೈಹಾಕಬೇಡಿ. ಏರಿಸಿದ ಮೇಲೆ ಚಕ್ರ ತಿರುಗಿಸಿ, ಮೊಳೆಯ ಮೊನೆ ಫೋರ್ಕಿಗೂ ಹಿಂದಿನ ಚೌಕಟ್ಟಿಗೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹೊಸ ಸೈಕಲ್ಲುಗಳಲ್ಲಿ ತೋರುವ ಜಾಗವನ್ನು ನಂಬಬಾರದು, ನಿಂತು ತುಳಿದಾಗ ಚಕ್ರ ಅಕ್ಕಪಕ್ಕಕ್ಕೆ ಬಾಗುತ್ತದೆ. ಈ ಟಯರು ಡಾಂಬರು ಮುಟ್ಟಲೇಬಾರದು. ಸ್ಕ್ರೂವಿನದು ಸಾಧಾರಣ ಉಕ್ಕು, ನಿಲುಗಡೆಯಿಂದ ದಡದವರೆಗೆ ಸವಾರಿ ಮಾಡಿದರೂ ಎರಡು ಸಂಜೆಯ ಕೆಲಸ ಮೊಂಡಾಗಿ ಹೋಗುತ್ತದೆ. ಹೊತ್ತುಕೊಂಡು ಹೋಗಿ, ಕಾರಿನಲ್ಲಿ ಚಕ್ರದ ಕೆಳಗೆ ಹಳೆಯ ಜಮಖಾನ ಹಾಸಿ. ಮತ್ತೊಂದು ಮಾತು, ಇದು ತಮಾಷೆಯಲ್ಲ: ಗುಂಪಿನಲ್ಲಿ ಬಿದ್ದಾಗ ಇಂಥ ಚಕ್ರ ಪಕ್ಕದವರ ಮೀನಖಂಡವನ್ನು ಗರಗಸದಂತೆ ಸೀಳಬಲ್ಲದು. ಕೆಲವು ಪಂದ್ಯಗಳಲ್ಲಿ ಮೊಳೆಯ ಉದ್ದಕ್ಕೆ ಮಿತಿಯಿರುತ್ತದೆ, ಕೆಲವರು ಅಂಗಡಿಯ ಟಯರನ್ನು ಮಾತ್ರ ಒಪ್ಪುತ್ತಾರೆ. ಡ್ರಿಲ್ಲು ಹಿಡಿಯುವ ಮೊದಲೇ ನಿಯಮಾವಳಿಯನ್ನು ಓದಿಕೊಳ್ಳಬೇಕು.

ಗಾಳಿಯ ಲೆಕ್ಕವನ್ನು ಬಹಳ ಜನ ತಪ್ಪುತ್ತಾರೆ. ಮನೆಯ ಬೇಸ್‌ಮೆಂಟಿನ 20 ಡಿಗ್ರಿಯಲ್ಲಿ 30 ಪಿಎಸ್‌ಐ ಒತ್ತಡದ ಗಾಳಿ ತುಂಬಿಸಿಕೊಂಡು ಹೋದ ಟಯರಿನಲ್ಲಿ, ಮೈನಸ್ 20ರ ಸರೋವರದ ಮೇಲೆ ಉಳಿಯುವುದು ಸುಮಾರು 24 ಮಾತ್ರ. ಟಯರು ಸೋರುತ್ತಿದೆಯೆಂದು ಗಾಬರಿಪಡಬೇಕಾಗಿಲ್ಲ, ತಣ್ಣಗಾದ ಗಾಳಿ ಕುಗ್ಗಿದೆ. ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದು ತುಂಬಿಸಬಹುದು. ನಾನು ರಾತ್ರಿಯೇ ಸೈಕಲ್ಲನ್ನು ಹೊರಗೆ ನಿಲ್ಲಿಸಿ, ಬೆಳಗ್ಗೆ ಸರೋವರದ ದಡದಲ್ಲೇ ಗೇಜು ಹಿಡಿಯುತ್ತೇನೆ. ಹೊರಗೆ ನಿಲ್ಲಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೆಚ್ಚಗಿನ ಸೈಕಲ್ಲನ್ನು ನೇರವಾಗಿ ಹಿಮಕ್ಕೆ ಇಳಿಸಿದರೆ ಅಂಟಿದ ಹಿಮ ಮೊದಲು ಕರಗಿ, ಗೇರಿನ ಸಂದುಗಳಿಗೆ ಇಳಿದು, ಮತ್ತೆ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಗೇರು ಬದಲಾಯಿಸುವ ಮಾತೇ ಇಲ್ಲ.

ನನ್ನ ಮೊದಲ ಪಂದ್ಯದ ಕಥೆಯನ್ನು ಹೇಳದಿದ್ದರೆ ಪೆಡಲು ನಿಲ್ಲಿಸಿದರೂ ಚಕ್ರವನ್ನು ಉರುಳಲು ಬಿಡುವ ಫ್ರೀವೀಲಿನ ಮಹತ್ವ ತಿಳಿಯದು. ಹುಡುಗನಾಗಿದ್ದಾಗ ನಮ್ಮ ಬೀದಿಯ ಸೈಕಲ್ ಶಾಪಿನಲ್ಲಿ ವರ್ಷಕ್ಕೊಮ್ಮೆ ‘ಓವರಾಯಿಲ್’ ಮಾಡಿಸುತ್ತಿದ್ದೆವು. ಆ ಇಂಗ್ಲಿಷ್ ಪದ ಓವರ್‌ಹಾಲ್, ಎಣ್ಣೆಗೆ ಸಂಬಂಧಿಸಿದ್ದಲ್ಲ ಎಂದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಹೆಬ್ಬೆರಳಿನಲ್ಲಿ ಗ್ರೀಸು ಒತ್ತಿ ಒತ್ತಿ ತುಂಬುತ್ತಿದ್ದ ಆ ಯಜಮಾನರ ಪಾಠವನ್ನೇ ನಾನು ಇಲ್ಲಿಯೂ ಪಾಲಿಸಿ, ಪಂದ್ಯದ ಹಿಂದಿನ ರಾತ್ರಿ ಹಿಂದಿನ ಚಕ್ರದ ನಡುವಿನ ಗುಂಭವಾದ ಹಬ್ಬಿಗೆ ಧಾರಾಳವಾಗಿ ಗ್ರೀಸು ಮೆತ್ತಿದೆ. ಬೆಳಗ್ಗೆ ಮೈನಸ್ 24. ಸೀಟಿ ಊದಿದರು, ಪೆಡಲು ತುಳಿದೆ. ಪೆಡಲು ತಿರುಗಿತು, ಚೈನು ತಿರುಗಿತು, ಚಕ್ರ ಮಾತ್ರ ನಿಂತಲ್ಲೇ ನಿಂತಿತ್ತು. ಹಬ್ಬಿನೊಳಗೆ ಹಲ್ಲಿಗೆ ಸಿಕ್ಕಿ ಟಕಟಕನೆ ಸದ್ದು ಮಾಡುವ ಪುಟ್ಟ ಕೊಕ್ಕೆಗಳನ್ನು ಸಪೂರವಾದ ಸ್ಪ್ರಿಂಗುಗಳು ಮೇಲೆತ್ತಬೇಕು. ಚಳಿಗೆ ಮೇಣವಾದ ಗ್ರೀಸು ಅವನ್ನು ಏಳಲು ಬಿಡಲಿಲ್ಲ. ಐವತ್ತು ಜನ ಕಣ್ಮರೆಯಾಗುವವರೆಗೂ ನಾನು ನಿಂತಲ್ಲೇ ಪೆಡಲು ತುಳಿಯುತ್ತಿದ್ದೆ. ಅಂದಿನಿಂದ ಡಿಸೆಂಬರಿನಲ್ಲೇ ಹಬ್ಬು ಬಿಚ್ಚಿ, ಹಳೆಯ ಗ್ರೀಸನ್ನು ಪೂರ್ತಿ ತೊಳೆದು, ಕೊಕ್ಕೆಗಳಿಗೆ ನಾಲ್ಕೈದು ಹನಿ ತೆಳು ಎಣ್ಣೆ ಮಾತ್ರ ಬಿಡುತ್ತೇನೆ. ಬೇರಿಂಗುಗಳಿಗೆ ಚಳಿಗೆಂದೇ ಮಾಡಿದ ಗ್ರೀಸು ಸಿಗುತ್ತದೆ.

ಇದೇ ನಿಯಮವನ್ನು ಸೈಕಲ್ಲಿನ ಉಳಿದ ಎಣ್ಣೆಗಳಿಗೂ ಅನ್ವಯಿಸಿಕೊಳ್ಳಿ. ಮುಂದಿನ ಸಸ್ಪೆನ್ಷನ್ ಫೋರ್ಕಿನ ಎಣ್ಣೆ ದಪ್ಪವಾಗಿ, ಸೀಲುಗಳು ಬಿರುಸಾಗಿ ಅದು ಹೇಗೂ ಕೆಲಸ ಮಾಡುವುದಿಲ್ಲ; ಲಾಕ್ ಮಾಡಿ, ಅಥವಾ ಗಟ್ಟಿ ಫೋರ್ಕು ಇದ್ದರೆ ಅದನ್ನೇ ಹಾಕಿ. ಮಿನರಲ್ ಆಯಿಲಿನ ಹೈಡ್ರಾಲಿಕ್ ಬ್ರೇಕುಗಳು ಮಂದವಾಗುತ್ತವೆ, ತಂತಿಯ ಡಿಸ್ಕ್ ಬ್ರೇಕು ನಂಬಿಕೆಗೆ ಅರ್ಹ, ತಂತಿಯ ಕವಚದೊಳಗೆ ನೀರಿನ ಪಸೆ ಇಲ್ಲದಿದ್ದರೆ. ಪಂದ್ಯದ ಹಿಂದಿನ ದಿನ ಸೈಕಲ್ಲು ತೊಳೆಯುವ ಆಯುಧಪೂಜೆಯ ಚಾಳಿಯನ್ನು ದಯವಿಟ್ಟು ಬಿಡಿ. ಷೂ ಕಚ್ಚಿಕೊಳ್ಳುವ ಪೆಡಲುಗಳಿಗೆ ಹಿಮ ಮೆತ್ತಿಕೊಳ್ಳುವುದರಿಂದ ಅಗಲವಾದ ಚಪ್ಪಟೆ ಪೆಡಲು ಸಾಕು. ಹ್ಯಾಂಡಲಿಗೆ ತೊಡಿಸುವ ಗವಸುಚೀಲ ಚೆಂದ ಕಾಣುವುದಿಲ್ಲ ಎಂದು ನಮ್ಮ ಹುಡುಗರು ಮೂಗು ಮುರಿಯುತ್ತಾರೆ. ಬೆರಳು ಮರಗಟ್ಟಿದ ಮೇಲೆ ಬ್ರೇಕು ಎಲ್ಲಿದೆ ಎಂಬುದೇ ತಿಳಿಯದೆಂದು ಅವರಿಗೆ ಮೊದಲ ಹತ್ತು ನಿಮಿಷಗಳಲ್ಲಿ ಅರ್ಥವಾಗುತ್ತದೆ.

ಪಂದ್ಯ ಮುಗಿಸಿ ಮನೆಯೊಳಗೆ ತಂದ ಸೈಕಲ್ಲಿನ ಮೈ ತುಂಬ ಬೆವರಿನಂತೆ ನೀರು ಕೂಡುತ್ತದೆ. ಅದನ್ನು ಒರೆಸಿ, ಒಂದು ರಾತ್ರಿ ಒಣಗಲು ಬಿಟ್ಟು, ಚೈನಿಗೆ ಎಣ್ಣೆ ಹಾಕಿ ಮತ್ತೆ ಗ್ಯಾರೇಜಿಗೆ ಸಾಗಿಸಬೇಕು. ಬಿಟ್ಟರೆ ಮಾಮೂಲು ಸ್ಕ್ರೂಗಳು ವಾರದೊಳಗೆ ತುಕ್ಕು ಹಿಡಿಯುತ್ತವೆ, ತಂತಿಗಳು ಮುಂದಿನ ಸವಾರಿಗೆ ಕವಚದಲ್ಲೇ ಹೆಪ್ಪುಗಟ್ಟುತ್ತವೆ.

ಎಳ್ಳುಬೆಲ್ಲ ಹಂಚುವ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಗ್ಯಾರೇಜು ತೆರೆದಿರುತ್ತದೆ. ಎರಡು ಡ್ರಿಲ್ಲು, ಟೇಪು, ಹೀಟರು, ಚಹಾ ನನ್ನದು. ಟಯರು, ಹಳೆಯ ಟ್ಯೂಬು ಮತ್ತು ತಲಾ ಐನೂರು ಸ್ಕ್ರೂ ನಿಮ್ಮದು. ಚರ್ಮದ ಕೈಗವಸು ಮರೆತು ಬಂದವರಿಗೆ ಚಹಾ ಹಂಚುವ ಕೆಲಸ.