ಲ್ಯಾಬ್ ಗುಂಪಿಗೆ: ಆಟೋ ಟೈಟ್ರೇಟರ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ಮಿಲ್‌ನ ಲ್ಯಾಬಿನಲ್ಲಿ ಸೋಮವಾರದಿಂದ ಶೇಂಗಾ ಎಣ್ಣೆಯ ಎಫ್‌ಎಫ್‌ಎ (ಎಣ್ಣೆಯಲ್ಲಿ ಬಿಡಿಯಾಗಿರುವ ಕೊಬ್ಬಿನಾಮ್ಲ) ಪರೀಕ್ಷೆ ಹೊಸ ಆಟೋ ಟೈಟ್ರೇಟರ್‌ನಲ್ಲೇ ನಡೆಯಲಿ. ಕಾಸ್ಟಿಕ್ (ಪ್ರಬಲ ಕ್ಷಾರ) ದ್ರಾವಣವನ್ನು ತಾನೇ ಹನಿಹನಿಯಾಗಿ ಹಾಕಿ ಆಮ್ಲ ಎಷ್ಟಿದೆ ಎಂದು ಅಳೆಯುವ ಯಂತ್ರ ಇದು.

"ಇದಕ್ಕೆ ಇಷ್ಟು ದುಡ್ಡು ಯಾಕೆ?" ಎಂದು ಕೆಲವರು ಕೇಳಿದ್ದೀರಿ. ಸರಿಯಾದ ಪ್ರಶ್ನೆಯೇ. ಕಚ್ಚಾ ಎಣ್ಣೆಗೆ ಅದರದೇ ಬಣ್ಣ ಇರುತ್ತದೆ. ಫಿನಾಲ್ಫ್ಥಲೀನ್ (ಆಮ್ಲ ಮುಗಿದಾಗ ಗುಲಾಬಿಯಾಗುವ ಸೂಚಕ) ಹಾಕಿ ತೆಳು ಗುಲಾಬಿ ಹುಡುಕುತ್ತಾ ಕೂತರೆ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ, ಅಲ್ವಾ? ಕಾಸ್ಟಿಕ್ ನಾಲ್ಕು ಹನಿ ಜಾಸ್ತಿ ಬಿದ್ದರೆ ಎಫ್‌ಎಫ್‌ಎ ಜಾಸ್ತಿ ಎಂದು ಬರೆಯುತ್ತೇವೆ. ಆ ಲೆಕ್ಕ ನಂಬಿ ರಿಫೈನಿಂಗ್‌ನವರು ಆಮ್ಲ ತೆಗೆಯಲು ಕಾಸ್ಟಿಕ್ ಜಾಸ್ತಿ ಹಾಕುತ್ತಾರೆ. ಒಳ್ಳೆ ಎಣ್ಣೆಯೂ ಸೋಪಾಗಿ ಹೋಗುತ್ತದೆ. ದುಡ್ಡು ಸೋರುವುದು ಅಲ್ಲಿ. ಯಂತ್ರ ಬಣ್ಣ ನೋಡುವುದಿಲ್ಲ, ಎಲೆಕ್ಟ್ರೋಡ್‌ನ ವೋಲ್ಟೇಜ್ ಎಲ್ಲಿ ಜಿಗಿಯುತ್ತದೆ ಎಂದು ನೋಡುತ್ತದೆ; ಆಮ್ಲ ಮುಗಿಯುವುದು ಅಲ್ಲೇ.

ಇನ್ನು ಸ್ಟೂಲ್ ಹತ್ತಿ, ಕಣ್ಣಿನ ಮಟ್ಟದಲ್ಲಿ ಬ್ಯೂರೆಟ್‌ಗೆ (ಹನಿ ಬಿಡುವ ಅಳತೆ ಕೊಳವೆಗೆ) ಕಾಸ್ಟಿಕ್ ಸುರಿಯುವ ಸರ್ಕಸ್ ಬೇಡ. ಯಂತ್ರ ಬಾಟಲಿಯಿಂದ ತಾನೇ ಎಳೆದುಕೊಳ್ಳುತ್ತದೆ. ಅದನ್ನು ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆಯುವ ಗೂಡು) ಒಳಗೇ ಇಟ್ಟಿದ್ದೇವೆ, ಎಣ್ಣೆ ಕರಗಿಸಲು ಹಾಕುವ ಆಲ್ಕೋಹಾಲ್‌ನ ಆವಿ ಮೂಗಿಗೆ ಅಷ್ಟಾಗಿ ಬರುವುದಿಲ್ಲ. ಕನ್ನಡಕ, ಗ್ಲೌಸ್ ಮಾತ್ರ ಬಿಡಬೇಡಿ.

ಎಲೆಕ್ಟ್ರೋಡ್ ದುಬಾರಿ. ಪ್ರತಿ ಸ್ಯಾಂಪಲ್ ಆದ ಮೇಲೆ ಆಲ್ಕೋಹಾಲ್‌ನಲ್ಲಿ ತೊಳೆದು, ನೀರಿನಲ್ಲಿ ಅದ್ದಿ. ಸಂಜೆ ಎಲೆಕ್ಟ್ರೋಡ್ ಇಡಲೆಂದೇ ಇರುವ ದ್ರಾವಣದಲ್ಲೇ ಇಡಿ, ಸುಮ್ನೆ ಒಣಗಲು ಬಿಡಬೇಡಿ. ಕಾಸ್ಟಿಕ್ ದ್ರಾವಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ವಾರಕ್ಕೊಮ್ಮೆ ಕೆಎಚ್‌ಪಿಯಿಂದ (ತೂಗಿ ಬಳಸುವ ಶುದ್ಧ ಆಮ್ಲೀಯ ಲವಣ) ಸ್ಟ್ಯಾಂಡರ್ಡೈಸ್ ಮಾಡುವುದು, ಅಂದರೆ ದ್ರಾವಣದ ನಿಜವಾದ ಬಲ ಅಳೆಯುವುದು, ಮುಂಚಿನಂತೆಯೇ.

ಹಳೆ ಬ್ಯೂರೆಟ್‌ಗಳನ್ನು ಎಸೆಯಬೇಡಿ. ಕರೆಂಟ್ ಹೋದಾಗ ಅವೇ ಗತಿ.